ಮುಕ್ಕಾಲು ಮೀಟರ್ ಬಟ್ಟೆ, ಏಳನೇ ಕ್ಲಾಸಿನ ಲೆಕ್ಕ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಬೇಲೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಬರೆಯಲೇಬೇಕು ಅನ್ನಿಸಿದ್ದು ಮಗಳ ಗಣಿತದ ಟೆಸ್ಟ್ ಪೇಪರ್ ನೋಡಿದ ಮೇಲೆ. ಅವಳು ಏಳನೇ ಕ್ಲಾಸು. ಆ ಪೇಪರಿನಲ್ಲಿ ಒಂದು ಲೆಕ್ಕದ ಉತ್ತರ ತಪ್ಪಿತ್ತು. ಅದಕ್ಕೆ ಪೂರ್ತಿ ಅಂಕ ಬಂದಿತ್ತು.

ಲೆಕ್ಕ ಇದು: ‘ಒಂದು ಬ್ಲೌಸಿಗೆ ¾ ಮೀಟರ್ ಬಟ್ಟೆ ಬೇಕು. 5 ಮೀಟರ್ ಬಟ್ಟೆಯಲ್ಲಿ ಎಷ್ಟು ಬ್ಲೌಸ್ ಹೊಲಿಯಬಹುದು? ಎಷ್ಟು ಬಟ್ಟೆ ಉಳಿಯುತ್ತದೆ?’

ಮಗಳು ಶಾಲೆಯಲ್ಲಿ ಹೇಳಿಕೊಟ್ಟ ಹಾಗೇ ಮಾಡಿದ್ದಳು. ¾ ಅನ್ನು ತಲೆಕೆಳಗು ಮಾಡಿ 4/3 ಅಂತ ಬರೆದು 5ರಿಂದ ಗುಣಿಸಿದ್ದಳು. 20/3 ಬಂತು. ಅಂದರೆ 6⅔. ಕೊನೆಗೆ ಹೀಗೆ ಬರೆದಿದ್ದಳು: ‘6 ಬ್ಲೌಸ್ ಹೊಲಿಯಬಹುದು. ⅔ ಮೀಟರ್ ಬಟ್ಟೆ ಉಳಿಯುತ್ತದೆ.’ ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಮಾರ್ಕು. ಮೂರಕ್ಕೆ ಮೂರು.

ಸಹಿ ಹಾಕಲು ಪೆನ್ನು ಹಿಡಿದಿದ್ದೆ. ಆ ⅔ ಮೀಟರ್ ಕಣ್ಣಿಗೆ ಬಿತ್ತು. ‘ಅರ್ಧ ಮೀಟರ್ ತಾನೇ ಕಣೇ ಉಳಿಯೋದು?’ ಅಂದೆ.

‘ಇಲ್ಲಮ್ಮ, ಎರಡು ಬೈ ಮೂರು. ಮೇಡಂ ರೈಟ್ ಹಾಕಿದ್ದಾರೆ ನೋಡು.’

ನನಗೆ ಈ ಅಳತೆ ಬಾಯಿಪಾಠ. ಲೈನಿಂಗ್ ಬಟ್ಟೆಯ ಪನ್ನ, ಅಂದರೆ ಅಗಲ, ದೊಡ್ಡದಿದ್ದರೆ ಒಂದು ಬ್ಲೌಸಿಗೆ ಮುಕ್ಕಾಲು ಮೀಟರ್ ಸಾಕು. ಐದು ಮೀಟರ್ ತಂದರೆ ಆರು ಬ್ಲೌಸಿಗೆ ಆಗಿ ಅರ್ಧ ಮೀಟರ್ ಉಳಿಯುತ್ತದೆ. ಆ ಅರ್ಧ ಮೀಟರನ್ನು ನಾನು ಹುಕ್ ಪಟ್ಟಿಗೆ, ಪೈಪಿಂಗಿಗೆ ಎತ್ತಿಡುತ್ತೇನೆ. ಎಷ್ಟೋ ಸಲ ಮಾಡಿದ ಕೆಲಸ. ಮೂರನೇ ಎರಡು ಭಾಗ ಅಂದರೆ ಅರವತ್ತಾರು ಸೆಂಟಿಮೀಟರ್ ಮೇಲೆ. ಅಷ್ಟು ಬಟ್ಟೆ ಯಾವತ್ತೂ ಉಳಿದಿದ್ದಿಲ್ಲ.

ಆದರೆ ಮಗಳ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಅಂತ ನನಗೆ ಹುಡುಕಲು ಆಗಲಿಲ್ಲ. ಗುಣಾಕಾರ ಸರಿ ಇದೆ. ಭಾಗಾಕಾರ ಸರಿ ಇದೆ. 6⅔ ಅನ್ನೋದೂ ಸರಿ. ಬಟ್ಟೆ ಮಾತ್ರ ಬೇರೆ ಹೇಳುತ್ತದೆ. ‘ಭಾನುವಾರ ನೋಡೋಣ ಬಾ’ ಅಂದೆ.

ರಥೋತ್ಸವ ಹತ್ತಿರ ಬಂದಿತ್ತು. ಆಗ ನಮ್ಮೂರಲ್ಲಿ ಬ್ಲೌಸ್ ಆರ್ಡರ್ ಜಾಸ್ತಿ. ಹೇಗೂ ಲೈನಿಂಗ್ ಕತ್ತರಿಸಬೇಕಿತ್ತು. ಐದು ಮೀಟರ್ ಬಿಳಿ ಬಟ್ಟೆಯನ್ನು ಕಟಿಂಗ್ ಟೇಬಲ್ ಮೇಲೆ ಹಾಸಿದೆ. ಟೇಪನ್ನು ಮಗಳ ಕೈಗೆ ಕೊಟ್ಟೆ. ಸೆಂಟಿಮೀಟರ್ ಕಡೆ ತಿರುಗಿಸಿಕೊಂಡು ಎಪ್ಪತ್ತೈದಕ್ಕೆ ಒಂದು ಚಾಕ್ ಗೀಟು ಎಳೆದಳು. ಅಲ್ಲಿಂದ ಇನ್ನೊಂದು ಎಪ್ಪತ್ತೈದು, ಒಂದೂವರೆ ಮೀಟರ್. ಆಮೇಲೆ ಎರಡೂಕಾಲು. ಮೂರು. ಮೂರೂಮುಕ್ಕಾಲು. ನಾಲ್ಕೂವರೆ. ಆರು ಗೀಟು ಆಯ್ತು. ಕೊನೆಯಲ್ಲಿ ಉಳಿದ ತುಂಡನ್ನು ಅಳೆದಳು. ಐವತ್ತು ಸೆಂಟಿಮೀಟರ್. ಇನ್ನೊಂದು ಸಲ ಅಳೆದಳು. ಐವತ್ತೇ.

‘ಹಾಗಾದ್ರೆ ಎರಡು ಬೈ ಮೂರು ಎಲ್ಲಿಂದ ಬಂತಮ್ಮ?’

ನನಗೆ ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ. ನಾನು ಓದಿದ್ದು ಹತ್ತನೇ ಕ್ಲಾಸಿನವರೆಗೆ. ನಮಗೂ ‘ತಿರುವಿ ಹಾಕಿ ಗುಣಿಸಿ’ ಅಂತಲೇ ಹೇಳಿಕೊಟ್ಟಿದ್ದು. ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆವತ್ತು ಮಧ್ಯಾಹ್ನ ಪೂರ್ತಿ ಮೆಷಿನ್ ತುಳಿಯುತ್ತಾ ಅದನ್ನೇ ಯೋಚನೆ ಮಾಡಿದೆ. ಸಂಜೆ ಬಟ್ಟೆ ಮಡಿಸಿಡುವಾಗ ಮಗಳೇ ಕಂಡುಹಿಡಿದಳು. ಉಳಿದಿದ್ದ ಅರ್ಧ ಮೀಟರ್ ತುಂಡನ್ನು ಎತ್ತಿ, ಕತ್ತರಿಸಿಟ್ಟ ಒಂದು ಬ್ಲೌಸ್ ಪೀಸಿನ ಮೇಲೆ ಸುಮ್ನೆ ಹಾಸಿದಳು. ಅದು ಪೂರ್ತಿ ಮುಚ್ಚಲಿಲ್ಲ. ಒಂದು ಕಡೆ ಸ್ವಲ್ಪ ಹೊರಗೆ ಉಳಿಯಿತು. ಎಷ್ಟು ಉಳಿಯಿತು ಅಂತ ನೋಡಲು ಬ್ಲೌಸ್ ಪೀಸನ್ನು ಮೂರು ಮಡಿಕೆ ಮಾಡಿದಳು. ಒಂದೊಂದು ಮಡಿಕೆ ಕಾಲು ಮೀಟರ್. ಅರ್ಧ ಮೀಟರ್ ತುಂಡು ಎರಡು ಮಡಿಕೆಯಷ್ಟು ಮುಚ್ಚಿತ್ತು. ಮೂರರಲ್ಲಿ ಎರಡು.

‘ಅಮ್ಮಾ, ಇದು ಬ್ಲೌಸಿನ ಎರಡು ಬೈ ಮೂರು! ಮೀಟರಿಂದಲ್ಲ!’

ಸಂಪಾದಕರೇ, ಆ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಅಷ್ಟೇ ವಿಷಯ. ಐದು ಮೀಟರಿನಲ್ಲಿ ಆರು ಬ್ಲೌಸ್ ಇದೆ, ಮತ್ತೆ ಇನ್ನೊಂದು ಬ್ಲೌಸಿನ ಮೂರನೇ ಎರಡು ಭಾಗಕ್ಕೆ ಆಗುವಷ್ಟು ಬಟ್ಟೆ ಇದೆ. ಆ ಬಟ್ಟೆಯನ್ನು ಮೀಟರಿನಲ್ಲಿ ಅಳೆದರೆ ಅರ್ಧ. ಎರಡೂ ಸರಿ. ನಾವು ಕೇಳಿದ್ದು ‘ಎಷ್ಟು ಬ್ಲೌಸ್’ ಅಂತ. ಉತ್ತರವೂ ಬ್ಲೌಸಿನಲ್ಲೇ ಬಂದಿದೆ. ಅದನ್ನು ಮೀಟರ್ ಅಂತ ಬರೆದದ್ದು ತಪ್ಪು. ಆ ತಪ್ಪು ಮಗಳಿಗೆ ಕಾಣಲಿಲ್ಲ, ಪೇಪರ್ ತಿದ್ದಿದವರಿಗೂ ಕಾಣಲಿಲ್ಲ. ಯಾಕೆಂದರೆ ತಲೆಕೆಳಗು ಮಾಡಿ ಗುಣಿಸುವ ಹೊತ್ತಿಗೆ ಬಟ್ಟೆಯೂ ಇರುವುದಿಲ್ಲ, ಬ್ಲೌಸೂ ಇರುವುದಿಲ್ಲ. ಬರೀ ಅಂಕಿ ಇರುತ್ತದೆ.

ರಾತ್ರಿ ಊಟ ಆದ ಮೇಲೆ ಮಗಳು ಇನ್ನೊಂದು ಮಾಡಿದಳು. ½ ಅನ್ನು ¾ ರಿಂದ ಭಾಗಿಸಿದಳು. ½ × 4/3, ಅಂದರೆ 4/6, ಅಂದರೆ ⅔. ‘ಅರ್ಧ ಮೀಟರಲ್ಲಿ ಎಷ್ಟು ಬ್ಲೌಸ್ ಅಂತ ಕೇಳಿದ ಹಾಗಾಯ್ತು ಅಲ್ವಾ?’ ಅಂದಳು. ಚಿಕ್ಕದನ್ನು ದೊಡ್ಡದರಿಂದ ಭಾಗಿಸುವುದು ಅವಳಿಗೆ ಅಲ್ಲಿವರೆಗೂ ಅರ್ಥವೇ ಇಲ್ಲದ ಲೆಕ್ಕವಾಗಿತ್ತು. ಈಗ ಅದು ಅವಳ ಕಣ್ಣ ಮುಂದೆ ಟೇಬಲ್ ಮೇಲೇ ಬಿದ್ದಿತ್ತು.

ಇದಾದ ಮೇಲೆ ನಾನು ಈ ವಿಷಯ ಬಿಡಲಿಲ್ಲ. ನಮ್ಮ ಬೀದಿಯ ಇನ್ನೂ ನಾಲ್ಕು ಮಕ್ಕಳು ಭಾನುವಾರ ಬರುತ್ತಾರೆ. ಕಟಿಂಗ್ ಟೇಬಲ್ಲೇ ನಮ್ಮ ಬೋರ್ಡು. ಬ್ಲೌಸಿನ ಅಳತೆ ಬರೆದು ಕತ್ತರಿಸಿಕೊಳ್ಳಲು ನಾನು ಮೊದಲಿನಿಂದಲೂ ಹಳೇ ಪೇಪರ್ ಬಳಸುತ್ತೇನೆ. ನಿಮ್ಮ ಪತ್ರಿಕೆಯದೇ. ಅದೇ ಹಾಳೆಗಳನ್ನು ಉದ್ದುದ್ದ ಪಟ್ಟಿ ಕತ್ತರಿಸಿ ಮಕ್ಕಳಿಗೆ ಕೊಡುತ್ತೇನೆ. ಮಡಿಸುವುದು, ಗೀಟು ಹಾಕುವುದು, ಎಣಿಸುವುದು.

ಚಿತ್ರದ ಬಗ್ಗೆ ಒಂದು ಮಾತು ಹೇಳಬೇಕು. ಮಗಳ ಪುಸ್ತಕದಲ್ಲೂ ಚಿತ್ರ ಇದೆ. ಇಲ್ಲ ಅಂತಲ್ಲ. ಆದರೆ ಭಿನ್ನರಾಶಿ ಅಂದ ಕೂಡಲೇ ಎಲ್ಲರೂ ಗುಂಡಗೆ ಬರೆಯುತ್ತಾರೆ, ರೊಟ್ಟಿ ಇಲ್ಲಾ ಕೇಕು. ಅರ್ಧಕ್ಕೆ, ಕಾಲಿಗೆ ರೊಟ್ಟಿ ಸರಿ. ಮೂರು ಸಮಭಾಗ, ಐದು ಸಮಭಾಗ ಮಾಡು ಅಂದರೆ ದೊಡ್ಡವರ ಕೈಲೂ ಆಗುವುದಿಲ್ಲ. ಒಂದು ರೊಟ್ಟಿಯಿಂದ ಮುಕ್ಕಾಲು ತೆಗೆದು, ಉಳಿದ ಕಾಲನ್ನು ಪಕ್ಕದ ರೊಟ್ಟಿಯ ಅರ್ಧದ ಜೊತೆ ಸೇರಿಸಿ ಇನ್ನೊಂದು ಮುಕ್ಕಾಲು ಮಾಡುವುದು ಮಕ್ಕಳಿಗೆ ಗೋಜಲು. ಪಟ್ಟಿಯಲ್ಲಿ ಆ ತೊಂದರೆ ಇಲ್ಲ. ಒಂದರ ತುದಿಗೆ ಇನ್ನೊಂದು ಶುರುವಾಗುತ್ತದೆ, ಬಟ್ಟೆ ಥರಾನೇ. ಮಡಿಸಿದರೆ ಸಮಭಾಗ ಆಗುತ್ತದೆ. ಹಾಗಾಗಿ ನನ್ನ ಅನುಭವದಲ್ಲಿ ಭಾಗಾಕಾರಕ್ಕೆ ಪಟ್ಟಿಯ ಚಿತ್ರವೇ ಒಳ್ಳೆಯದು.

ಇನ್ನೊಂದು ವಿಷಯ ನಮ್ಮ ಭಾಷೆಯದು. ನಮ್ಮ ಮನೆಯಲ್ಲಿ ಯಾರೂ ‘ಮೂರು ಬೈ ನಾಲ್ಕು’ ಅನ್ನುವುದಿಲ್ಲ. ಮುಕ್ಕಾಲು ಅನ್ನುತ್ತೇವೆ. ಮುಕ್ಕಾಲು ಅಂದರೆ ಮೂರು ಕಾಲು. ಆ ಮಾತಿನೊಳಗೇ ಲೆಕ್ಕ ಇದೆ. ‘ಮೂರು ಬೈ ನಾಲ್ಕು’ ಅಂದರೆ ಮಗುವಿಗೆ ಎರಡು ಅಂಕಿ ಕೇಳಿಸುತ್ತದೆ. ‘ಮುಕ್ಕಾಲು’ ಅಂದರೆ ಒಂದು ಅಳತೆ ಕಾಣಿಸುತ್ತದೆ. ಈಗ ಐದರಲ್ಲಿ ಎಷ್ಟು ಮುಕ್ಕಾಲು ಇದೆ ಅಂತ ಕೇಳಿ. ಒಂದು ಮೀಟರಿಗೆ ನಾಲ್ಕು ಕಾಲು, ಐದು ಮೀಟರಿಗೆ ಇಪ್ಪತ್ತು ಕಾಲು. ಮೂರು ಮೂರು ಕಾಲು ಸೇರಿಸುತ್ತಾ ಹೋದರೆ ಆರು ಗುಂಪು. ಎರಡು ಕಾಲು ಉಳಿಯಿತು. ಎರಡು ಕಾಲು ಅಂದರೆ ಅರ್ಧ. ತಲೆಕೆಳಗು ಮಾಡಲೇ ಇಲ್ಲ, ಉತ್ತರ ಬಂತು. ನಮ್ಮ ಮಕ್ಕಳಲ್ಲಿ ಒಬ್ಬ ಹುಡುಗ ಇದನ್ನು ಕೇಳಿ, ‘ಆಂಟಿ, ಹಸುವಿಗೂ ನಾಲ್ಕು ಕಾಲು, ಒಂದಕ್ಕೂ ನಾಲ್ಕು ಕಾಲು’ ಅಂದ. ಅವನು ಇನ್ನು ಮರೆಯುವುದಿಲ್ಲ.

ನಮ್ಮತ್ತೆ ಶಾಲೆಗೆ ಹೋದವರಲ್ಲ. ಮಕ್ಕಳ ಮುಂದೆ ಒಂದು ದಿನ ಅವರನ್ನು ಕೇಳಿದೆ. ‘ಎರಡೂವರೆ ಸೇರು ಅಕ್ಕಿ ಇದೆ. ಒಬ್ಬರಿಗೆ ಅರ್ಧ ಪಾವು. ಎಷ್ಟು ಜನಕ್ಕೆ ಆಗುತ್ತೆ ಅತ್ತೆ?’ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆ ಎತ್ತದೇ ಹೇಳಿದರು: ‘ಎರಡೂವರೆ ಸೇರು ಅಂದ್ರೆ ಹತ್ತು ಪಾವು. ಇಪ್ಪತ್ತು ಜನಕ್ಕೆ ಆಯ್ತು.’ ಮಗಳು ಆಗಿನ್ನೂ ಅರ್ಧ ಪಾವು ಅಂದರೆ ಸೇರಿನ 1/8 ಅಂತ ಬರೆದುಕೊಳ್ಳುತ್ತಿದ್ದಳು. 5/2 × 8 ಮಾಡಿದಾಗ ಅವಳಿಗೂ ಇಪ್ಪತ್ತೇ ಬಂತು. ಅಜ್ಜಿ ಮಾಡಿದ್ದೂ ಭಿನ್ನರಾಶಿಯ ಭಾಗಾಕಾರವೇ ಅಂತ ಗೊತ್ತಾದಾಗ ಅವಳು ಅಜ್ಜಿಯನ್ನು ನೋಡಿದ ರೀತಿ ನನಗೆ ಮರೆಯುವ ಹಾಗಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ತೊಡಕೂ ತೀರುತ್ತದೆ. ಭಾಗಿಸಿದರೆ ಉತ್ತರ ಚಿಕ್ಕದಾಗಬೇಕು ಅಂತ ಮಕ್ಕಳು ನಾಲ್ಕೈದು ವರ್ಷ ನಂಬಿಕೊಂಡು ಬಂದಿರುತ್ತಾರೆ. ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು. ಏಳನೇ ಕ್ಲಾಸಿನಲ್ಲಿ ಇದ್ದಕ್ಕಿದ್ದ ಹಾಗೆ, ನಾಲ್ಕನ್ನು ಅರ್ಧದಿಂದ ಭಾಗಿಸಿದರೆ ಎಂಟು ಅನ್ನುತ್ತಾರೆ. ಮಗು ಗಾಬರಿಯಾಗುತ್ತದೆ. ಅಳತೆಯ ಪಾತ್ರೆ ಚಿಕ್ಕದಾದಷ್ಟೂ ಜಾಸ್ತಿ ಸಲ ತುಂಬಿ ಸುರಿಯಬೇಕು ಅಂತ ಅಕ್ಕಿ ಡಬ್ಬದ ಮುಂದೆ ಕೂರಿಸಿ ತೋರಿಸಿದರೆ ಗಾಬರಿ ಯಾಕೆ ಆಗುತ್ತದೆ?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಗಣಿತ ಮೇಷ್ಟ್ರೊಬ್ಬರಿದ್ದಾರೆ. ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬಂದವರು ನಮ್ಮ ಪಟ್ಟಿಗಳನ್ನು ನೋಡಿ ಅರ್ಧ ಗಂಟೆ ಕೂತುಬಿಟ್ಟರು. ಅವರು ಕೆಲವು ವಿಷಯ ಹೇಳಿದರು. ನನಗೆ ಅವು ಹೊಸದು.

ತಿರುವಿ ಗುಣಿಸುವ ನಿಯಮ ಇವತ್ತಿನದಲ್ಲವಂತೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಅನ್ನುವ ಗಣಿತಜ್ಞ ಇದ್ದರು. ಅವರ ‘ಗಣಿತಸಾರಸಂಗ್ರಹ’ದಲ್ಲಿ ಈ ನಿಯಮ ಇದೆ: ಭಾಗಿಸುವ ಭಿನ್ನರಾಶಿಯ ಛೇದವನ್ನು ಅಂಶ ಮಾಡಿಕೊಂಡು, ಆಮೇಲೆ ಗುಣಾಕಾರದ ಹಾಗೇ ಮಾಡು. ಅದಕ್ಕೂ ಮೊದಲು 628ರಲ್ಲಿ ಬ್ರಹ್ಮಗುಪ್ತ ಇದನ್ನೇ ಹೇಳಿದ್ದರು. ಇನ್ನು 12ನೇ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ರಾಜಾದಿತ್ಯ ಅನ್ನುವವರು ಗಣಿತವನ್ನು ಕನ್ನಡದಲ್ಲೇ ಬರೆದರು. ಅವರ ಒಂದು ಕೃತಿಯ ಹೆಸರು ‘ವ್ಯವಹಾರಗಣಿತ’. ನಮ್ಮೂರ ಚೆನ್ನಕೇಶವನ ದೇವಸ್ಥಾನ 1117ರದು. ಅದೇ ನೂರು ವರ್ಷದೊಳಗೆ, ದಿನದ ವ್ಯವಹಾರದ ಲೆಕ್ಕ ಕನ್ನಡದಲ್ಲಿ ಇರಬೇಕು ಅಂತ ಒಬ್ಬರಿಗೆ ಅನ್ನಿಸಿತ್ತು. ದಿನಾ ಆ ಗೋಪುರದ ಮುಂದೆ ಓಡಾಡುವ ನನಗೆ ಇದು ಗೊತ್ತೇ ಇರಲಿಲ್ಲ.

ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದರು. ಲಿಪಿಂಗ್ ಮಾ ಅನ್ನುವ ಸಂಶೋಧಕಿ ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಾಲೆ ಶಿಕ್ಷಕರ ಬಗ್ಗೆ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1¾ ಅನ್ನು ½ ರಿಂದ ಭಾಗಿಸುವುದಕ್ಕೆ ದಿನಬಳಕೆಯ ಒಂದು ಕಥೆ ಕಟ್ಟಿ ಅಂತ ಕೇಳಿದ್ದರು. ಅಮೆರಿಕದ 23 ಶಿಕ್ಷಕರಲ್ಲಿ ಸರಿಯಾದ ಕಥೆ ಕಟ್ಟಿದ್ದು ಒಬ್ಬರೇ. ಚೀನಾದ 72 ಜನರಲ್ಲಿ 65 ಜನ ಕಟ್ಟಿದರು. ತಪ್ಪಿದವರಲ್ಲಿ ತುಂಬಾ ಜನ ಅರ್ಧದಿಂದ ಭಾಗಿಸುವ ಬದಲು ಎರಡು ಭಾಗ ಮಾಡುವ ಕಥೆ ಹೇಳಿದ್ದರು.

ಆ ತಪ್ಪು ನಮ್ಮಲ್ಲೂ ಸುಲಭವಾಗಿ ಆಗುತ್ತದೆ. ‘ಅರ್ಧ ಮಾಡು’ ಅಂದರೆ ಎರಡು ಪಾಲು. ‘ಅರ್ಧದಿಂದ ಭಾಗಿಸು’ ಅಂದರೆ ಅರ್ಧರ್ಧದ ತುಂಡು ಎಷ್ಟಿದೆ ಅಂತ ಎಣಿಸು. ಕೇಳುವುದಕ್ಕೆ ಹೆಚ್ಚುಕಮ್ಮಿ ಒಂದೇ. ಆರು ಮೀಟರ್ ಅರ್ಧ ಮಾಡಿದರೆ ಮೂರು ಮೀಟರ್. ಆರು ಮೀಟರನ್ನು ಅರ್ಧ ಮೀಟರಿನಿಂದ ಭಾಗಿಸಿದರೆ ಹನ್ನೆರಡು ತುಂಡು. ಮಕ್ಕಳಿಗೆ ಪಟ್ಟಿ ಕೊಟ್ಟು ಎರಡೂ ಮಾಡಿಸಿದೆ. ಒಂದು ಸಲ ಕತ್ತರಿಸಿದರೆ ಮೊದಲನೆಯದು ಮುಗಿಯಿತು. ಎರಡನೆಯದಕ್ಕೆ ಹನ್ನೊಂದು ಸಲ ಕತ್ತರಿ ಆಡಿಸಬೇಕಾಯಿತು. ಕೈ ನೋಯಿಸಿಕೊಂಡ ಮೇಲೆ ಯಾರೂ ಎರಡನ್ನೂ ಒಂದೇ ಅನ್ನಲಿಲ್ಲ.

ನಿಯಮವೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಲ್ಲಾ ಲೆಕ್ಕಕ್ಕೂ ಪೇಪರ್ ಮಡಿಸುತ್ತಾ ಕೂರಲು ಆಗುವುದಿಲ್ಲ. ಆದರೆ ತಿರುವಿ ಹಾಕುವುದು ಯಾಕೆ ಅಂತ ಮಕ್ಕಳಿಗೆ ಕಾಣಿಸಬೇಕು. ನಾನು ಅದನ್ನು ಲಂಗದ ಲೇಸಿನಲ್ಲಿ ತೋರಿಸಿದೆ. ಒಂದು ಹುಡುಗಿಯ ಲಂಗದ ಅಂಚಿಗೆ ಲೇಸು ಹೊಲಿಯುತ್ತಿದ್ದೆ. ಒಂದೂವರೆ ಮೀಟರ್ ಲೇಸು ಖರ್ಚಾದಾಗ ಮುಕ್ಕಾಲು ಸುತ್ತು ಆಗಿತ್ತು. ಪೂರ್ತಿ ಸುತ್ತಿಗೆ ಎಷ್ಟು ಬೇಕು? 1½ ಅನ್ನು ¾ ರಿಂದ ಭಾಗಿಸಬೇಕು. ಮುಕ್ಕಾಲು ಸುತ್ತು ಅಂದರೆ ಮೂರು ಕಾಲು. ಮೂರು ಕಾಲಿಗೆ ಒಂದೂವರೆ ಮೀಟರ್ ಆದರೆ ಒಂದು ಕಾಲಿಗೆ ಅರ್ಧ ಮೀಟರ್. ಇಲ್ಲಿ ಮೂರರಿಂದ ಭಾಗಿಸಿದೆವು. ಪೂರ್ತಿ ಸುತ್ತು ಅಂದರೆ ನಾಲ್ಕು ಕಾಲು. ಹಾಗಾದರೆ ಎರಡು ಮೀಟರ್. ಇಲ್ಲಿ ನಾಲ್ಕರಿಂದ ಗುಣಿಸಿದೆವು. ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಅದೇ 4/3 ರಿಂದ ಗುಣಿಸಿದ ಹಾಗೆ. ತಲೆಕೆಳಗು ಆದದ್ದು ಹೀಗೆ. ಮಗಳು ಲಂಗವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಅಷ್ಟೇನಾ?’ ಅಂದಳು.

ಅಷ್ಟೇ. ಅದನ್ನು ಹೇಳಲು ಹತ್ತು ನಿಮಿಷ ಸಾಕಾಯಿತು.

ಶಾಲೆಗೂ ಹೋಗಿದ್ದೆ. ಜಗಳಕ್ಕಲ್ಲ. ಕತ್ತರಿಸಿದ ಬಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಡಂ ಟೇಬಲ್ ಮೇಲೆ ಹಾಸಿ ತೋರಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ಸಲ ನೋಡಿದರು. ‘ಇದನ್ನ ನಾನೂ ಗಮನಿಸಿರಲಿಲ್ಲ ಅಕ್ಕ. ನಮಗೂ ಹೀಗೆ ಯಾರೂ ಹೇಳಿಕೊಟ್ಟಿಲ್ಲ’ ಅಂದರು. ಆಮೇಲೆ ತಮ್ಮ ಕಷ್ಟ ಹೇಳಿಕೊಂಡರು. ಪೋರ್ಷನ್ ಮುಗಿಸಬೇಕು. ರಿಜಿಸ್ಟರ್ ಬರೆಯಬೇಕು. ಹಾಲು, ಮೊಟ್ಟೆ, ಊಟದ ಲೆಕ್ಕ ಇಡಬೇಕು. ಭಿನ್ನರಾಶಿಯ ಭಾಗಾಕಾರಕ್ಕೆ ಎರಡು ಪಿರಿಯಡ್ ಸಿಕ್ಕಿದರೆ ಹೆಚ್ಚು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಚಿತ್ರಕ್ಕೆ ಒಂದು ಅಂಕವೂ ಇಲ್ಲದಿದ್ದರೆ ಅವರಾದರೂ ಚಿತ್ರಕ್ಕೆ ಸಮಯ ಎಲ್ಲಿಂದ ತರುತ್ತಾರೆ?

ಹಾಗಾಗಿ ನಾನು ಕೇಳಿಕೊಳ್ಳುವುದು ಪ್ರಶ್ನೆಪತ್ರಿಕೆ ಮಾಡುವವರನ್ನು, ತರಬೇತಿ ಕೊಡುವವರನ್ನು. ಭಿನ್ನರಾಶಿಯ ಲೆಕ್ಕಕ್ಕೆ ಮೂರು ಅಂಕ ಇದ್ದರೆ ಒಂದನ್ನು ಚಿತ್ರಕ್ಕೆ ಇಡಿ. ಉತ್ತರದ ಜೊತೆ ಅದು ಏನು ಅಂತ ಬರೆಸಿ. ಆರು ಏನು? ಮೂರನೇ ಎರಡು ಏನರದು? ಬರೀ ಅಂಕಿ ಬರೆದರೆ ಸಾಲದು. ಮಕ್ಕಳೇ ಒಂದು ಕಥೆ ಕಟ್ಟಲಿ. ‘2½ ಅನ್ನು ¼ ರಿಂದ ಭಾಗಿಸುವ ಲೆಕ್ಕವೊಂದನ್ನು ನಿನ್ನ ಮನೆಯಿಂದ ತಾ’ ಅಂತ ಹೇಳಿದರೆ ಸಾಕು. ಕಾಫಿ ಪುಡಿಯ ಪ್ಯಾಕೆಟ್ ತರುವ ಮಗು ಇರುತ್ತದೆ, ವರ್ತನೆ ಹಾಲಿನ ಲೆಕ್ಕ ತರುವ ಮಗು ಇರುತ್ತದೆ, ಹೊಲದ ಗುಂಟೆ ಲೆಕ್ಕ ತರುವ ಮಗುವೂ ಇರುತ್ತದೆ.

ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ ಇದೆ. ಕಾರ್ಡು, ಚಿತ್ರ, ಹಾಡು ಎಲ್ಲಾ ಇತ್ತು ನನ್ನ ಮಗಳಿಗೆ. ಆಗ ಅವಳು ಗಣಿತ ಅಂದರೆ ಓಡಿ ಹೋಗುತ್ತಿದ್ದಳು. ಲೆಕ್ಕ ಕಷ್ಟ ಆಗುವ ಹೊತ್ತಿಗೇ ಕಾರ್ಡು, ಚಿತ್ರ ಮಾಯವಾದವು. ಚಿಕ್ಕವರಿಗೆ ಬೇಕಾಗಿದ್ದು ಹನ್ನೆರಡು ವರ್ಷದವರಿಗೆ ಬೇಡ ಅಂತ ಯಾರು ತೀರ್ಮಾನ ಮಾಡಿದರೋ!

ಮಕ್ಕಳ ಸಂತೆ ವಿಷಯವೂ ಹಾಗೇ. ಎಷ್ಟೊಂದು ಶಾಲೆಯಲ್ಲಿ ಸಂತೆ ಮಾಡುತ್ತಾರೆ. ನಮ್ಮ ಮಕ್ಕಳು ಕಾಲು ಕೆಜಿ ಬೀನ್ಸ್, ಅರ್ಧ ಕೆಜಿ ಆಲೂಗಡ್ಡೆ ತೂಗಿ ಮಾರಿದರು. ತುಂಬಾ ಚೆನ್ನಾಗಿ ಮಾಡಿದರು. ಫೋಟೋ ತೆಗೆದರು. ಮಾರನೇ ದಿನ ಗಣಿತದ ಪಿರಿಯಡಿನಲ್ಲಿ ಆ ತಕ್ಕಡಿಯ ಮಾತೇ ಬರಲಿಲ್ಲ. ‘ಮೂರೂಮುಕ್ಕಾಲು ಕೆಜಿ ಬೀನ್ಸ್ ತಂದಿದ್ದೆಯಲ್ಲ, ಕಾಲು ಕೆಜಿಯ ಹಾಗೆ ಎಷ್ಟು ಜನಕ್ಕೆ ಕೊಟ್ಟೆ?’ ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು. ಹದಿನೈದು ಜನಕ್ಕೆ ಅಂತ ಬೀನ್ಸ್ ಮಾರಿದ ಹುಡುಗನೇ ಹೇಳುತ್ತಿದ್ದ, ಅವನ ಕೈಯಿಂದಲೇ ಹೋಗಿದ್ದಲ್ವಾ? ಶಾಲೆಯಲ್ಲಿ ಒಂದು ಮಗುವಿಗೆ 150 ಮಿಲಿ ಹಾಲು ಕೊಡುತ್ತಾರೆ. ಲೀಟರಿನಲ್ಲಿ ಹೇಳಿದರೆ 3/20. ಆರು ಲೀಟರ್ ಹಾಲು ಎಷ್ಟು ಮಕ್ಕಳಿಗೆ? ನಲವತ್ತು. ಇಂಥ ಲೆಕ್ಕ ಶಾಲೆಯ ಅಂಗಳದಲ್ಲೇ ನಡೆಯುತ್ತದೆ. ಒಳಗೆ ಬೋರ್ಡಿನ ಮೇಲೆ ಅದೇ ಲೆಕ್ಕಕ್ಕೆ ಮಕ್ಕಳು ಹೆದರುತ್ತಾರೆ.

ನಮ್ಮಂಥವರನ್ನೂ ಶಾಲೆಗೆ ಕರೆಯಬಹುದು. ನಾನು ಟೇಪು, ಚಾಕ್ ಪೀಸು, ಬಟ್ಟೆ ತಂದು ಒಂದು ಪಿರಿಯಡ್ ತೋರಿಸುತ್ತೇನೆ, ದುಡ್ಡು ಬೇಡ. ಬಡಗಿ ಬರಲಿ, ಅಡುಗೆಯವರು ಬರಲಿ, ಗಾರೆ ಕೆಲಸದವರು ಬರಲಿ. ನಮಗೆ ಸೂತ್ರ ಬರುವುದಿಲ್ಲ. ಅದನ್ನು ಮೇಡಂ ಹೇಳಲಿ. ನಾವು ಅಳೆದು ತೋರಿಸುತ್ತೇವೆ. ಈ ಮಾತನ್ನು ಆ ಮೇಡಂ ಹತ್ತಿರವೂ ಹೇಳಿದ್ದೇನೆ. ಮುಂದಿನ ತಿಂಗಳು ಬನ್ನಿ ಅಕ್ಕ ಅಂದಿದ್ದಾರೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮಕ್ಕಳು ಓದುವ ಪುಟದಲ್ಲಿ ವಾರಕ್ಕೆ ಒಂದು ಲೆಕ್ಕಕ್ಕೆ ಜಾಗ ಕೊಡಿ. ಪರೀಕ್ಷೆಯ ಲೆಕ್ಕ ಅಲ್ಲ. ಯಾವುದಾದರೂ ಕೆಲಸ ಮಾಡುವವರು ಕಳಿಸಿದ ಲೆಕ್ಕ ಇರಲಿ, ಮಕ್ಕಳು ಚಿತ್ರ ಬರೆದು ಉತ್ತರ ಕಳಿಸಲಿ. ಮೊದಲನೆಯದನ್ನು ನಾನೇ ಕಳಿಸುತ್ತಿದ್ದೇನೆ. ಮೊನ್ನೆ ಒಂದು ರೇಷ್ಮೆ ಸೀರೆಗೆ ಕುಚ್ಚು ಕಟ್ಟುವಾಗ ಬಂದದ್ದು.

ಸೆರಗಿನ ಅಗಲ 46 ಇಂಚು. ಒಂದೊಂದು ಕುಚ್ಚಿಗೆ ¾ ಇಂಚು ಜಾಗ ಬೇಕು. ಒಟ್ಟು ಎಷ್ಟು ಕುಚ್ಚು ಕಟ್ಟಬಹುದು? ಕೊನೆಯಲ್ಲಿ ಎಷ್ಟು ಇಂಚು ಸೆರಗು ಖಾಲಿ ಉಳಿಯುತ್ತದೆ? ಅದು ಒಂದು ಕುಚ್ಚಿನ ಜಾಗದ ಎಷ್ಟನೇ ಭಾಗ? ಪಟ್ಟಿ ಬರೆದು ತೋರಿಸಿ.

ಉತ್ತರವನ್ನು, ನನ್ನ ಮಗಳು ಬರೆದ ಚಿತ್ರದ ಜೊತೆ, ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಮಕ್ಕಳ ಉತ್ತರ ಬಂದ ಮೇಲೆ ಅದನ್ನು ಹಾಕಿ.

ಇಂತಿ,
ಹೊಲಿಗೆ ಕೆಲಸದವಳು, ಏಳನೇ ಕ್ಲಾಸಿನ ಹುಡುಗಿಯ ತಾಯಿ
ಬೇಲೂರು, ಹಾಸನ ಜಿಲ್ಲೆ